ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ

ಕೊಳೆರೋಗ, ಬೋರರ್ ಹುಳು, ಗೊಬ್ಬರದ ಬೆಲೆ, ಅಡಿಕೆ ಧಾರಣೆ ಇವುಗಳನ್ನೇ ಓದಿ ರೂಢಿಯಾದ ನಮ್ಮ ಸದಸ್ಯ ಬಾಂಧವರಿಗೆ ಈ ಲೇಖನದ ವಿಷಯ ಸ್ವಲ್ಪ ವಿಚಿತ್ರವೆನಿಸಬಹುದು. ಚಿತ್ರ ಬಿಡಿಸಿ ಅದನ್ನು ಓಡಿಸುವ ವಿದ್ಯೆಗೂ, ನಮ್ಮ ಕಣದ ಮೂಲೆಯಲ್ಲಿ ತುಕ್ಕು ಹಿಡಿದು ನಿಂತ ಪಲ್ಪರಿಗೂ ಏನು ಸಂಬಂಧ ಎಂದು ಕೇಳಬಹುದು. ಒಂದು ವರ್ಷದ ಹಿಂದೆ ನಾನೂ ಇದನ್ನೇ ಕೇಳುತ್ತಿದ್ದೆ. ಸಂಬಂಧವಿದೆ ಎಂದು ತಿಳಿಯುವಷ್ಟರಲ್ಲಿ ನಮ್ಮ ಮನೆಯ ಹಳೆಯ ಡೀಸೆಲ್ ಎಂಜಿನ್ನು ಕಿಲೋ ಲೆಕ್ಕದಲ್ಲಿ ಗುಜರಿಯವನ ಲಾರಿ ಹತ್ತಿ ಹೋಗಿತ್ತು. ಆ ತಪ್ಪನ್ನು ಇತರರು ಮಾಡದಿರಲಿ ಎಂಬ ಉದ್ದೇಶದಿಂದ ಇದನ್ನು ಬರೆಯುತ್ತಿದ್ದೇನೆ.

ನನ್ನ ಮಗಳು ಮತ್ತು ಅಳಿಯ ಉದ್ಯೋಗದ ನಿಮಿತ್ತ ಬಾಗಲಕೋಟೆ ಜಿಲ್ಲೆಯ ತೇರದಾಳದಲ್ಲಿದ್ದಾರೆ. ಅವರ ಮಗ ಬೆಂಗಳೂರಿನಲ್ಲಿ ಅನಿಮೇಷನ್ ಕಲಿಯುತ್ತಿದ್ದಾನೆ. ಕೊನೆಯ ವರ್ಷದ ವಿದ್ಯಾರ್ಥಿಗಳು ತಾವೇ ವಿಷಯ ಹುಡುಕಿ ಮೂರು ನಿಮಿಷದ ಒಂದು ಚಿತ್ರ ತಯಾರಿಸಬೇಕೆಂಬುದು ಅವರ ಕಾಲೇಜಿನ ನಿಯಮ. ಹುಡುಗ ಮೊದಲು ರಾಕ್ಷಸರು, ಹಾರುವ ಕುದುರೆಗಳು ಎಂದೆಲ್ಲ ಬಿಡಿಸಿಕೊಂಡು ಹೋದನಂತೆ. ಮೇಷ್ಟ್ರು ಅದನ್ನೆಲ್ಲ ಪಕ್ಕಕ್ಕಿಟ್ಟು, "ನಿನ್ನ ಮನೆಯ ಸುತ್ತ ಚಲಿಸುವ ವಸ್ತು ಯಾವುದಿದೆ, ಅದನ್ನು ಮೊದಲು ಸರಿಯಾಗಿ ನೋಡಿಕೊಂಡು ಬಾ" ಎಂದು ಹೇಳಿ ಕಳಿಸಿದರು.

ತೇರದಾಳದಲ್ಲಿ ಚಲಿಸುವ ವಸ್ತುವನ್ನು ಹುಡುಕಬೇಕಾಗಿಲ್ಲ. ಕಿವಿಯೇ ದಾರಿ ತೋರಿಸುತ್ತದೆ. ಆ ಊರು 1123ರ ಶಾಸನವಿರುವ ಜೈನ ಬಸದಿಯಿಂದಾಗಿ ಇತಿಹಾಸದವರಿಗೆ ಗೊತ್ತು. ಆದರೆ ಬೀದಿಯಲ್ಲಿ ನಡೆಯುವವನಿಗೆ ಮೊದಲು ಗೊತ್ತಾಗುವುದು ಮಗ್ಗದ ಸದ್ದು. ತೇರದಾಳ, ರಬಕವಿ, ಬನಹಟ್ಟಿ, ಮಹಾಲಿಂಗಪುರ ಈ ಭಾಗವೆಲ್ಲ ನೇಕಾರರ ನಾಡು. ಊರಾಚೆ ಕಬ್ಬಿನ ಹೊಲ, ಊರೊಳಗೆ ಮಗ್ಗ. ಹಿಂದೆ ಮನೆಮನೆಯಲ್ಲಿ ಕುಣಿಮಗ್ಗಗಳಿದ್ದವು. ಈಗ ಹೆಚ್ಚಿನ ಕಡೆ ವಿದ್ಯುತ್ ಮಗ್ಗಗಳು ಬಂದಿವೆ. ಆ ಬೀದಿಗಳಲ್ಲಿ ಸೀರೆ ನೇಯುವ ಸಪ್ಪಳ ಮನೆಯ ಗೋಡೆಗಳಿಗೇ ಅಂಟಿಕೊಂಡಂತಿರುತ್ತದೆ.

ಮಗ್ಗದ ಮುಂದೆ ಕುಳಿತ ಹುಡುಗ

ಪಕ್ಕದ ಓಣಿಯ ಹಿರಿಯ ನೇಕಾರರೊಬ್ಬರ ಮನೆಗೆ ಹುಡುಗ ಹೋದ. ಮಕ್ಕಳು ವಿದ್ಯುತ್ ಮಗ್ಗ ನಡೆಸುತ್ತಾರೆ. ಅಜ್ಜನದು ಒಳಕೋಣೆಯ ಹಳೆಯ ಕುಣಿಮಗ್ಗ. ನೇಯುವುದನ್ನು ಹೆಚ್ಚುಕಡಿಮೆ ನಿಲ್ಲಿಸಿದ್ದರು. ಆ ಕೋಣೆ ಬೇರೆ ಕೆಲಸಕ್ಕೆ ಬೇಕಾಗಿದ್ದರಿಂದ ಮಗ್ಗವನ್ನು ಬಿಚ್ಚುವ ಮಾತು ಮನೆಯಲ್ಲಿ ನಡೆದಿತ್ತು. ಹುಡುಗನ ಪುಣ್ಯಕ್ಕೆ ಇನ್ನೂ ಬಿಚ್ಚಿರಲಿಲ್ಲ.

ಎರಡು ದಿನ ನೋಡಿ, ಮನೆಗೆ ಬಂದು, ಲಾಳಿ ಎಡದಿಂದ ಬಲಕ್ಕೆ ಹೋಗುವ ಒಂದು ಸಣ್ಣ ಚಿತ್ರವನ್ನು ತಯಾರಿಸಿ ಅಜ್ಜನಿಗೆ ಮೊಬೈಲಿನಲ್ಲಿ ತೋರಿಸಿದ. ಅಜ್ಜ ನಕ್ಕರಂತೆ.

"ತಮ್ಮಾ, ನನ್ನ ಲಾಳಿ ಹಿಂಗ ಹ್ವಾದ್ರ ಸಂಜೀಮಟಾ ಕುಂತ್ರೂ ಒಂದ ಗೇಣ ಅರಿವಿ ಬರೂದಿಲ್ಲ."

"ಯಾಕ್ರೀ ಅಜ್ಜಾರ, ತಪ್ಪ ಎಲ್ಲೈತ್ರಿ?"

"ಕಾಲ ಒತ್ತತೈತಿ, ನೂಲ ಬಾಯಿ ತೆಗಿತೈತಿ. ಅಲ್ಲೀಮಟಾ ಲಾಳಿ ಕಾಯತೈತಿ. ಬಾಯಿ ಪೂರಾ ತೆಗದ ಮ್ಯಾಲ ಹಾರತೈತಿ. ಆ ಕಾಯೂದ ನಿನ್ನ ಚಿತ್ರದಾಗ ಇಲ್ಲ ನೋಡ."

ಹುಡುಗ ಈ ಮಾತನ್ನು ನನಗೆ ಫೋನಿನಲ್ಲಿ ಹೇಳಿದಾಗ ನನಗೆ ಅರ್ಥವಾಗಲಿಲ್ಲ. ಆಮೇಲೆ ಅವನೇ ನಮ್ಮ ತೋಟಕ್ಕೆ ಬಂದು, ಕಾಗದದ ಮೇಲೆ ಬಿಡಿಸಿ ವಿವರಿಸಿದ. ಅವನು ಹೇಳಿದ್ದನ್ನು, ನನಗೆ ತಿಳಿದಷ್ಟು ಸೇರಿಸಿ, ನಮ್ಮ ಬೆಳೆಗಾರರಿಗೆ ತಿಳಿಯುವಂತೆ ಇಲ್ಲಿ ಕೊಡುತ್ತೇನೆ.

ಚಿತ್ರ ಓಡುವುದು ಹೇಗೆ?

ಚಲನಚಿತ್ರದಲ್ಲಿ ನಿಜವಾಗಿ ಯಾವುದೂ ಚಲಿಸುವುದಿಲ್ಲ. ಒಂದು ಸೆಕೆಂಡಿಗೆ 24 ನಿಂತ ಚಿತ್ರಗಳು ಒಂದರ ಹಿಂದೊಂದು ಬಂದು ಹೋಗುತ್ತವೆ. ಒಂದಕ್ಕೂ ಮುಂದಿನದಕ್ಕೂ ಸ್ವಲ್ಪವೇ ವ್ಯತ್ಯಾಸವಿದ್ದರೆ ನಮ್ಮ ಕಣ್ಣು ಮತ್ತು ಮಿದುಳು ಸೇರಿ ಅದನ್ನು ಚಲನೆ ಎಂದೇ ಗ್ರಹಿಸುತ್ತವೆ. ಮಕ್ಕಳು ನೋಟ್‌ಪುಸ್ತಕದ ಅಂಚಿನಲ್ಲಿ ಪುಟಕ್ಕೊಂದು ಚಿತ್ರ ಬರೆದು ಸರ್ರೆಂದು ತಿರುವಿ ಹಾಕುವುದೂ ಇದೇ ವಿದ್ಯೆ.

ಸಾಮಾನ್ಯ ಸಿನಿಮಾದಲ್ಲಿ ಆ 24 ಚಿತ್ರಗಳನ್ನು ಕ್ಯಾಮರಾ ತೆಗೆಯುತ್ತದೆ. ಅನಿಮೇಷನ್ನಿನಲ್ಲಿ ಮನುಷ್ಯ ಬಿಡಿಸುತ್ತಾನೆ. ಎಷ್ಟೋ ವೇಳೆ ಒಂದು ಚಿತ್ರವನ್ನು ಎರಡೆರಡು ಸಲ ತೋರಿಸಿ, ಸೆಕೆಂಡಿಗೆ 12 ಚಿತ್ರದಲ್ಲೇ ಕೆಲಸ ಸಾಗಿಸುತ್ತಾರೆ. ಹಾಗೆ ಮಾಡಿದರೂ ಮೂರು ನಿಮಿಷಕ್ಕೆ 2,160 ಚಿತ್ರ ಬೇಕು. ಇಂದು ಕಂಪ್ಯೂಟರಿನ ಸಹಾಯವಿದೆ ನಿಜ. ಆದರೆ ಯಾವ ವಸ್ತು ಯಾವ ಕ್ಷಣದಲ್ಲಿ ಎಲ್ಲಿರಬೇಕು ಎಂಬುದನ್ನು ಹೇಳಬೇಕಾದವನು ಚಿತ್ರಗಾರನೇ. ಅದು ಅವನಿಗೆ ಗೊತ್ತಿರಬೇಕಾದರೆ ಅವನು ಆ ವಸ್ತುವನ್ನು ನೋಡಿರಬೇಕು.

ಇಲ್ಲಿ ಹಳೆಯ ಯಂತ್ರದ ಉಪಯೋಗ ಬರುತ್ತದೆ. ಇಂದಿನ ಯಂತ್ರಗಳ ಕೆಲಸವೆಲ್ಲ ಮುಚ್ಚಿದ ಡಬ್ಬಿಯೊಳಗೆ ನಡೆಯುತ್ತದೆ. ಗುಂಡಿ ಒತ್ತಿದರೆ ಸರಿ, ಒಳಗೆ ಏನಾಯಿತೆಂದು ಕಾಣುವುದಿಲ್ಲ. ಹಳೆಯ ಯಂತ್ರ ಹಾಗಲ್ಲ. ಅದರ ಹಲ್ಲು, ಚಕ್ರ, ಸನ್ನೆ, ಬೆಲ್ಟು ಎಲ್ಲವೂ ಹೊರಗಿವೆ. ಯಾವುದು ಯಾವುದನ್ನು ತಳ್ಳುತ್ತದೆ, ಯಾವುದು ಯಾವುದಕ್ಕಾಗಿ ಕಾಯುತ್ತದೆ ಎಂಬುದು ಬರಿಗಣ್ಣಿಗೆ ಕಾಣುತ್ತದೆ. ಚಲನೆಯನ್ನು ಕಲಿಯುವವನಿಗೆ ಅದೊಂದು ತೆರೆದಿಟ್ಟ ಪಾಠಪುಸ್ತಕ.

ಕೈ ತಿರುವಿನ ಲೆಕ್ಕ

ನಾವೆಲ್ಲ ಬಲ್ಲ ಕೈಪಲ್ಪರನ್ನೇ ತೆಗೆದುಕೊಳ್ಳೋಣ. ಹಿಡಿ ಹಿಡಿದು ಒಂದು ಸೆಕೆಂಡಿಗೆ ಒಂದು ಸುತ್ತು ತಿರುಗಿಸುತ್ತೇವೆ ಎಂದಿಟ್ಟುಕೊಳ್ಳಿ. ಪೂರ್ತಿ ಸುತ್ತು 360 ಡಿಗ್ರಿ. ಅದನ್ನು 24 ಚಿತ್ರಕ್ಕೆ ಹಂಚಿದರೆ ಚಿತ್ರವೊಂದಕ್ಕೆ 15 ಡಿಗ್ರಿ. ಚಿತ್ರಗಾರ ಪ್ರತಿ ಸಲ ಹಿಡಿಯನ್ನು 15 ಡಿಗ್ರಿ ಮುಂದಕ್ಕೆ ಬಿಡಿಸಿದರೆ ಪರದೆಯ ಮೇಲೆ ಪಲ್ಪರ್ ತಿರುಗುತ್ತದೆ. ಇಷ್ಟು ಸುಲಭ.

ಆದರೆ ತಿರುಗುವ ಚಕ್ರಕ್ಕೆ ಒಂದು ದಂಡ ಜೋಡಿಸಿ, ಅದರಿಂದ ಹಿಂದೆ ಮುಂದೆ ಹೋಗುವ ಕೆಲಸ ಮಾಡಿಸಿದಾಗ ಲೆಕ್ಕ ಬದಲಾಗುತ್ತದೆ. ಎಂಜಿನ್ನಿನ ಪಿಸ್ಟನ್, ವಿದ್ಯುತ್ ಮಗ್ಗದಲ್ಲಿ ಹಣಿಗೆ ಹೊತ್ತು ಬಡಿಯುವ ಚೌಕಟ್ಟು ಇವೆಲ್ಲ ಈ ಜಾತಿಯವು. ಕ್ರಾಂಕಿನ ತೋಳು 10 ಸೆಂಟಿಮೀಟರ್ ಉದ್ದವಿದೆ ಎನ್ನೋಣ. ಕ್ರಾಂಕು ಒಂದೇ ಸಮನೆ ತಿರುಗಿದರೂ, ತುದಿಯಿಂದ ಹೊರಡುವಾಗಿನ ಮೊದಲ 15 ಡಿಗ್ರಿಯಲ್ಲಿ ಪಿಸ್ಟನ್ ಸರಿಯುವುದು ಸುಮಾರು ಮೂರೂವರೆ ಮಿಲಿಮೀಟರ್ ಮಾತ್ರ. ನಡುದಾರಿಗೆ ಬರುವ ಹೊತ್ತಿಗೆ ಅದೇ 15 ಡಿಗ್ರಿಗೆ ಸುಮಾರು ಎರಡೂವರೆ ಸೆಂಟಿಮೀಟರ್ ಸರಿಯುತ್ತದೆ. ಮತ್ತೊಂದು ತುದಿ ಹತ್ತಿರ ಬಂದಂತೆ ಪುನಃ ನಿಧಾನ. ಅಂದರೆ ತುದಿಯಲ್ಲಿ ತಡೆದು, ನಡುವೆ ಓಡಿ, ಮತ್ತೆ ತಡೆಯುತ್ತದೆ.

ಉಯ್ಯಾಲೆಯೂ ಹೀಗೆಯೇ. ಕತ್ತಿ ಬೀಸುವ ಕೈಯೂ ಹೆಚ್ಚುಕಡಿಮೆ ಹೀಗೆಯೇ. ಹೊಸಬನು ಇದನ್ನು ಗಮನಿಸದೆ ಎಲ್ಲ ಚಿತ್ರಗಳ ನಡುವೆ ಸಮ ಅಂತರವಿಟ್ಟು ಬಿಡಿಸುತ್ತಾನೆ. ಆಗ ಪರದೆಯ ಮೇಲೆ ವಸ್ತುವಿಗೆ ತೂಕವೇ ಇಲ್ಲದಂತಾಗಿ, ನೀರಿನ ಮೇಲೆ ತೇಲಿದಂತೆ ಕಾಣುತ್ತದೆ. ನಮ್ಮ ಹುಡುಗನ ಲಾಳಿಗೆ ಆದದ್ದು ಇದೇ. ಕೈಮಗ್ಗದ ಲಾಳಿ ನಿಂತಿರುತ್ತದೆ, ಕಾಲಹಲಗೆ ಒತ್ತಿದಾಗ ಹಾಸಿನ ನೂಲು ಎರಡಾಗಿ ತೆರೆಯುತ್ತದೆ, ಹಗ್ಗ ಜಗ್ಗಿದೊಡನೆ ಲಾಳಿ ಒಂದೇ ನೆಗೆತಕ್ಕೆ ಆಚೆಯ ಪೆಟ್ಟಿಗೆ ಸೇರುತ್ತದೆ, ಹಣಿಗೆ ಬಂದು ಹೊಕ್ಕಿನ ನೂಲನ್ನು ಬಡಿಯುತ್ತದೆ. ಒಂದು ಹೊಕ್ಕಿಗೆ ಒಂದು ಸೆಕೆಂಡು ಎಂದಿಟ್ಟುಕೊಂಡರೆ ಆ 24 ಚಿತ್ರಗಳಲ್ಲಿ ಲಾಳಿ ಹಾರುವುದು ಕೆಲವೇ ಚಿತ್ರಗಳಲ್ಲಿ. ಉಳಿದದ್ದೆಲ್ಲ ಕಾಯುವ ಹೊತ್ತು. ಪುಸ್ತಕ ಓದದ ಅಜ್ಜ ಒಂದು ಮಾತಿನಲ್ಲಿ ಹೇಳಿದ್ದು ಇದನ್ನೇ.

ಇನ್ನೊಂದು ಸ್ವಾರಸ್ಯ. ಸಾಧಾರಣ ವಿದ್ಯುತ್ ಮಗ್ಗದಲ್ಲಿ ಎರಡು ಮುಖ್ಯ ದಂಡಗಳಿವೆ. ಮೇಲಿನದು ಒಂದು ಹೊಕ್ಕಿಗೆ ಒಂದು ಸುತ್ತು ತಿರುಗಿ ಹಣಿಗೆಯನ್ನು ಬಡಿಸುತ್ತದೆ. ಕೆಳಗಿನದು ಎರಡು ಹೊಕ್ಕಿಗೆ ಒಂದು ಸುತ್ತು ತಿರುಗಿ, ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ಲಾಳಿಯನ್ನು ಹೊಡೆಯಿಸುತ್ತದೆ. ನಮ್ಮ ಡೀಸೆಲ್ ಎಂಜಿನ್ನಿನಲ್ಲೂ ಇದೇ ಎರಡಕ್ಕೊಂದರ ಲೆಕ್ಕ. ಕ್ರಾಂಕು ಎರಡು ಸುತ್ತು ತಿರುಗಿದರೆ ವಾಲ್ವು ಎತ್ತುವ ದಂಡ ಒಂದು ಸುತ್ತು. ಆದ್ದರಿಂದಲೇ 650 ಸುತ್ತಿನ ನಿಧಾನದ ಎಂಜಿನ್ನು ನಿಮಿಷಕ್ಕೆ 325 ಸಲ "ಟಕ್" ಎನ್ನುತ್ತದೆ. ಸೀರೆ ನೇಯುವ ಯಂತ್ರಕ್ಕೂ ಕೆರೆಯ ನೀರೆತ್ತುವ ಯಂತ್ರಕ್ಕೂ ಒಳಗಿನ ತಾಳ ಒಂದೇ.

ನಿಂತು ನಡೆಯುವ ಗುಟ್ಟು

ಹಳೆಯ ಯಂತ್ರವನ್ನು ನೋಡಿ ಹೊಸದನ್ನು ಹುಡುಕಿದವರು ಅನೇಕರು. ಸಿನಿಮಾ ಹುಟ್ಟಿದ್ದೂ ಹೀಗೆಯೇ.

ಚಿತ್ರಸುರುಳಿ ಯಂತ್ರದಲ್ಲಿ ಒಂದೇ ಸಮನೆ ಸರಿದು ಹೋದರೆ ಪರದೆಯ ಮೇಲೆ ಎಲ್ಲ ಕಲಸಿಹೋಗುತ್ತದೆ. ಒಂದು ಚಿತ್ರ ಬಂದು ಕ್ಷಣಕಾಲ ನಿಲ್ಲಬೇಕು, ಬೆಳಕು ಹಾಯಬೇಕು, ಬೆಳಕು ಮುಚ್ಚಿದಾಗ ಮುಂದಿನ ಚಿತ್ರ ಬಂದು ನಿಲ್ಲಬೇಕು. ನಿಲ್ಲುವುದು, ಜಗ್ಗುವುದು, ಮತ್ತೆ ನಿಲ್ಲುವುದು. ಇದನ್ನು ಸಾಧಿಸುವುದು ಹೇಗೆಂದು ಫ್ರಾನ್ಸಿನ ಲುಮಿಯೇರ್ ಸೋದರರು ಯೋಚಿಸುತ್ತಿದ್ದಾಗ ಅವರಿಗೆ ದಾರಿ ತೋರಿದ್ದು ಹೊಲಿಗೆ ಯಂತ್ರ. ಹೊಲಿಗೆ ಯಂತ್ರದಲ್ಲಿ ಬಟ್ಟೆ ಹೇಗೆ ಸರಿಯುತ್ತದೆ ಎಂಬುದನ್ನು ನಮ್ಮ ಮನೆಯ ಹೆಂಗಸರು ಬಲ್ಲರು. ಸೂಜಿ ಬಟ್ಟೆಯೊಳಗಿರುವಾಗ ಬಟ್ಟೆ ನಿಂತಿರುತ್ತದೆ. ಸೂಜಿ ಮೇಲೆದ್ದಾಗ ಕೆಳಗಿನ ಹಲ್ಲುಗಳು ಬಟ್ಟೆಯನ್ನು ಒಂದು ಹೊಲಿಗೆಯಷ್ಟು ಮುಂದಕ್ಕೆ ಜಗ್ಗುತ್ತವೆ. ಬಟ್ಟೆಯ ಜಾಗದಲ್ಲಿ ಚಿತ್ರಸುರುಳಿಯನ್ನು ಇಟ್ಟು ನೋಡಿ, ಸಿನಿಮಾ ಯಂತ್ರವಾಯಿತು. 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನಲ್ಲಿ ಟಿಕೇಟಿಟ್ಟು ಪ್ರದರ್ಶನ ನಡೆಯಿತು. 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಅದೇ ಯಂತ್ರ ನಮ್ಮ ದೇಶದವರಿಗೂ ಚಿತ್ರ ತೋರಿಸಿತು.

ಮಗ್ಗದ ಕಥೆ ಇನ್ನೂ ದೊಡ್ಡದು. ಸೀರೆಯ ಅಂಚಿನಲ್ಲಿ ಹೂವು, ಬಳ್ಳಿ ತೆಗೆಯಲು ಮಗ್ಗದ ಮೇಲೆ ಜಕಾರ್ಡ್ ಎಂಬ ಪೆಟ್ಟಿಗೆ ಇರಿಸುತ್ತಾರೆ. ತೂತು ಹೊಡೆದ ರಟ್ಟುಗಳನ್ನು ದಾರದಿಂದ ಪೋಣಿಸಿ, ಸರಪಳಿಯಂತೆ ಅದಕ್ಕೆ ತೂಗುಹಾಕಿರುತ್ತಾರೆ. ಒಂದು ಹೊಕ್ಕಿಗೆ ಒಂದು ರಟ್ಟು. ತೂತಿದ್ದ ಕಡೆ ಕೊಕ್ಕೆ ಮೇಲೇಳುತ್ತದೆ, ಆ ಕೊಕ್ಕೆಯ ನೂಲೂ ಏಳುತ್ತದೆ. ತೂತಿಲ್ಲದಿದ್ದರೆ ಏಳುವುದಿಲ್ಲ. ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮಾರಿ ಜಕಾರ್ಡ್ 1804ರಲ್ಲಿ ಈ ಏರ್ಪಾಟನ್ನು ರೂಪಿಸಿದನು. ಮುಂದೆ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಲೆಕ್ಕ ಮಾಡುವ ಯಂತ್ರಕ್ಕೆ ಇದೇ ರಟ್ಟುಗಳನ್ನು ಬಳಸುವ ಯೋಜನೆ ಹಾಕಿದನು. 1890ರ ಅಮೆರಿಕದ ಜನಗಣತಿಯಲ್ಲಿ ಹರ್ಮನ್ ಹಾಲೆರಿತ್ ಎಂಬವನು ತೂತಿನ ರಟ್ಟುಗಳಿಂದಲೇ ಲೆಕ್ಕ ಎಣಿಸಿದನು. ನಮ್ಮ ಹುಡುಗ ಚಿತ್ರ ಬಿಡಿಸುವ ಕಂಪ್ಯೂಟರಿನ ವಂಶಾವಳಿಯಲ್ಲಿ ಮಗ್ಗವೂ ಒಂದು ಅಜ್ಜನ ಸ್ಥಾನದಲ್ಲಿದೆ.

ಆ ರಟ್ಟಿನ ಸಾಲನ್ನು ನೋಡಿದಾಗಲೇ ಹುಡುಗನಿಗೆ ತನ್ನ ಚಿತ್ರದ ಕಥೆ ಹೊಳೆಯಿತು. ಒಂದು ಹೊಕ್ಕಿಗೆ ಒಂದು ರಟ್ಟು, ಒಂದು ಕ್ಷಣಕ್ಕೆ ಒಂದು ಚಿತ್ರ. ಎರಡೂ ಒಂದೇ. ರಟ್ಟುಗಳ ಸರಪಳಿಯೊಂದು ತಾನೇ ಚಿತ್ರಸುರುಳಿಯಾಗಿ, ಅದರ ತೂತುಗಳಿಂದ ಬೆಳಕು ಬಂದು, ಊರಿನ ಯಂತ್ರಗಳೆಲ್ಲ ಒಂದೊಂದಾಗಿ ಎದ್ದು ಕೆಲಸಕ್ಕೆ ತೊಡಗುತ್ತವೆ. ಮಗ್ಗ, ಕಬ್ಬಿನ ಗಾಣ, ಹೊಲಿಗೆ ಯಂತ್ರ, ಕೊನೆಗೆ ಅಜ್ಜನ ಮನೆಯ ಎಂಜಿನ್ನು ಮತ್ತು ಪಲ್ಪರ್. ಇದು ಅವನ ಕಥೆ.

ಚಿತ್ರಕಲೆಯಿಂದ ಯಂತ್ರಕ್ಕೆ ಹೋದ ಒಬ್ಬರು

ಚಿತ್ರಕಲೆಗೂ ಯಂತ್ರಕ್ಕೂ ನಂಟಿಲ್ಲ ಎನ್ನುವವರಿಗೆ ನಮ್ಮ ನಾಡಿನದೇ ಒಂದು ಉದಾಹರಣೆ ಇದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಚಿತ್ರಕಲೆ ಕಲಿಯಲೆಂದು ಮುಂಬಯಿಯ ಜೆ. ಜೆ. ಕಲಾಶಾಲೆಗೆ ಸೇರಿದರು. ಅವರಿಗೆ ಕೆಲವು ಬಣ್ಣಗಳ ಭೇದ ಸರಿಯಾಗಿ ಕಾಣುತ್ತಿರಲಿಲ್ಲ. ಬಣ್ಣದ ಚಿತ್ರ ಬಿಟ್ಟು ಯಂತ್ರಗಳ ನಕ್ಷೆ ಬಿಡಿಸುವುದನ್ನು ಕಲಿತರು, ಅದನ್ನೇ ಮುಂಬಯಿಯ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ವಿದ್ಯಾಲಯದಲ್ಲಿ ಕಲಿಸಿದರು. ಮುಂದೆ ಬೆಳಗಾವಿಯಲ್ಲಿ ಅಣ್ಣನೊಡನೆ ಸೈಕಲ್ ಅಂಗಡಿ, ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಮಣ್ಣು ಕೆಡುತ್ತದೆಂದು ರೈತರು ನೇಗಿಲನ್ನು ಮೊದಲು ಮುಟ್ಟಲಿಲ್ಲ. 1910ರಲ್ಲಿ ಔಂಧ್ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ತೇರದಾಳ ಆಗ ಪಕ್ಕದ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ ಊರು.

ಅದೇ ಜೆ. ಜೆ. ಕಲಾಶಾಲೆಯಲ್ಲಿ ಕಲಿತ ಇನ್ನೊಬ್ಬರು ದಾದಾಸಾಹೇಬ್ ಫಾಲ್ಕೆ. "ರಾಜಾ ಹರಿಶ್ಚಂದ್ರ" ಚಿತ್ರವನ್ನು 1913ರಲ್ಲಿ ತೆರೆಗೆ ತರುವ ಮೊದಲು ಅವರು ಮಾಡಿದ ಪ್ರಯೋಗ ನಮ್ಮಂಥ ಬೆಳೆಗಾರರು ಮೆಚ್ಚುವಂಥದು. ಕುಂಡದಲ್ಲಿ ಬಟಾಣಿ ಕಾಳನ್ನು ಬಿತ್ತಿ, ಅದು ಮೊಳೆತು ಬೆಳೆಯುವುದನ್ನು ದಿನದಿನವೂ ಸ್ವಲ್ಪ ಸ್ವಲ್ಪವೇ ಚಿತ್ರ ತೆಗೆದು, ಒಟ್ಟಿಗೆ ಓಡಿಸಿ ತೋರಿಸಿದರು. ದಿನಗಟ್ಟಲೆಯ ಬೆಳವಣಿಗೆ ಕ್ಷಣದಲ್ಲಿ ಕಣ್ಣೆದುರು ನಡೆಯಿತು. 1915ರಲ್ಲಿ ಬೆಂಕಿಕಡ್ಡಿಗಳನ್ನೇ ಒಂದಿಷ್ಟಿಷ್ಟು ಸರಿಸಿ ಚಿತ್ರ ತೆಗೆದು, ಅವು ತಾವಾಗಿ ಕುಣಿಯುವಂತೆ ಮಾಡಿದರು. ನಮ್ಮ ದೇಶದಲ್ಲಿ ಅನಿಮೇಷನ್ನಿನ ಮೊದಲ ಹೆಜ್ಜೆಗಳೆಂದು ಇವನ್ನು ಹೆಸರಿಸುತ್ತಾರೆ. ಅಮೆರಿಕದ ವಾಲ್ಟ್ ಡಿಸ್ನಿ ಸಂಸ್ಥೆ 1937ರಲ್ಲಿ ಪಾಳುಬಿದ್ದ ಹಳೆಯ ಗಾಳಿಗಿರಣಿಯೊಂದನ್ನೇ ಮುಖ್ಯ ಪಾತ್ರ ಮಾಡಿ "ದಿ ಓಲ್ಡ್ ಮಿಲ್" ಎಂಬ ಕಿರುಚಿತ್ರ ತೆಗೆದು ಆಸ್ಕರ್ ಪ್ರಶಸ್ತಿ ಪಡೆಯಿತು. ಹಳೆಯ ಯಂತ್ರ ಕಲೆಗೆ ವಸ್ತುವಾಗುವುದು ಹೊಸ ಮಾತಲ್ಲ.

ನಮ್ಮ ಕಣದಲ್ಲಿ ಆದದ್ದು

ಇನ್ನು ನನ್ನ ತಪ್ಪಿನ ವಿಷಯ. ನಮ್ಮಲ್ಲಿ ತಂದೆಯ ಕಾಲದ ಒಂದು ಡೀಸೆಲ್ ಎಂಜಿನ್ನು, ಒಂದು ಡ್ರಮ್ ಪಲ್ಪರ್ ಇದ್ದವು. ಕರೆಂಟು ಮೋಟಾರು ಬಂದ ಮೇಲೆ ಎಂಜಿನ್ನಿಗೆ ಕೆಲಸವಿರಲಿಲ್ಲ. ಚೆರ್ರಿ ಒಣಗಿಸುವುದೇ ಹೆಚ್ಚಾದ ಮೇಲೆ ಪಲ್ಪರೂ ಮೂಲೆ ಸೇರಿತು. ಕಳೆದ ಮಳೆಗಾಲದ ಮುಂಚೆ ಜಾಗ ಖಾಲಿಯಾಗಲೆಂದು ಎಂಜಿನ್ನನ್ನು ಮಾರಿದೆ. ಪಲ್ಪರನ್ನು ಮುಂದಿನ ಸಲ ಕೊಡುತ್ತೇನೆಂದು ಹೇಳಿದ್ದೆ.

ಹುಡುಗ ಬಂದವನೇ ಮೊದಲು ಕೇಳಿದ್ದು, "ಅಜ್ಜ, ಎಂಜಿನ್ನು ಎಲ್ಲಿ?" ಎಂದು. ಚಿಕ್ಕವನಿದ್ದಾಗ ಅದರ ಸದ್ದಿಗೆ ಹೆದರಿ ಅಜ್ಜಿಯ ಸೆರಗಿನ ಹಿಂದೆ ಅಡಗುತ್ತಿದ್ದದ್ದು ಅವನಿಗೆ ನೆನಪಿತ್ತು. ಮಾರಿದ್ದನ್ನು ಹೇಳಿದೆ. ಅವನು ಏನೂ ಅನ್ನಲಿಲ್ಲ. ಫೋಟೋ ಇದ್ದರೆ ಕೊಡಿ ಎಂದ. ಮನೆಯ ಆಲ್ಬಮ್ಮುಗಳನ್ನೆಲ್ಲ ತೆಗೆದು ಹುಡುಕಿದೆವು. ಮದುವೆ, ನಾಮಕರಣ, ಗೃಹಪ್ರವೇಶ ಎಲ್ಲ ಇವೆ. ಮೂವತ್ತು ವರ್ಷ ನಮ್ಮ ತೋಟಕ್ಕೆ ನೀರು ಕೊಟ್ಟ ಎಂಜಿನ್ನು ಒಂದೇ ಒಂದು ಚಿತ್ರದಲ್ಲಿ, ಊಟಕ್ಕೆ ಕುಳಿತವರ ಹಿಂದೆ, ಟಾರ್ಪಾಲು ಹೊದ್ದು ನಿಂತಿತ್ತು.

ನೆನಪಿನಿಂದ ಹೇಳೋಣವೆಂದು ಕುಳಿತೆವು. ಎಂಜಿನ್ನಿನಿಂದ ಪಲ್ಪರಿಗೆ ಬೆಲ್ಟು ಹಾಕುತ್ತಿದ್ದೆವಷ್ಟೆ. ಆ ಬೆಲ್ಟು ನೇರವಾಗಿತ್ತೋ, ಕತ್ತರಿ ಹಾಕಿತ್ತೋ? ಹುಡುಗನಿಗೆ ಇದು ಮುಖ್ಯ ಪ್ರಶ್ನೆ. ನೇರ ಬೆಲ್ಟು ಹಾಕಿದರೆ ಎರಡು ಚಕ್ರಗಳೂ ಒಂದೇ ದಿಕ್ಕಿಗೆ ತಿರುಗುತ್ತವೆ. ಎಂಟರ ಅಂಕಿಯ ಹಾಗೆ ಅಡ್ಡ ಹಾಕಿದರೆ ಎರಡನೆಯದು ಎದುರು ದಿಕ್ಕಿಗೆ ತಿರುಗುತ್ತದೆ. ನಾನು ನೇರ ಎಂದೆ. ತಮ್ಮ ಕತ್ತರಿ ಎಂದ. ಪಕ್ಕದ ತೋಟದವರು ಎರಡನ್ನೂ ನೋಡಿದ ನೆನಪಿದೆ ಎಂದರು. ಮೂವರೂ ಆ ಯಂತ್ರದ ಎದುರೇ ಬೆಳೆದವರು. ಒಬ್ಬರಿಗೂ ಖಚಿತವಾಗಿ ಗೊತ್ತಿರಲಿಲ್ಲ.

ಕೊನೆಗೆ, ನಮ್ಮಲ್ಲಿ ಮೊದಲಿನಿಂದ ಪಲ್ಪಿಂಗ್ ಕೆಲಸ ನೋಡಿಕೊಳ್ಳುತ್ತಿದ್ದ ಹಿರಿಯ ಆಳೊಬ್ಬರನ್ನು ಲೈನಿನಿಂದ ಕರೆಸಿದೆವು. ಕಣ್ಣು ಮಂಜಾಗಿದೆ. ಪಲ್ಪರಿನ ಡ್ರಮ್ಮಿನ ಮೇಲೆ ಕೈಯಾಡಿಸಿ ನೋಡಿ ಹೇಳಿದರು:

"ಕತ್ರಿನೇ ಅಯ್ಯಾ. ಎಂಜಿನ್ನು ಕೂರಿಸಿದ್ದು ಗೋಡೆ ಕಡೆ ಮುಖ ಮಾಡಿ. ನೇರ ಹಾಕಿದ್ರೆ ಡ್ರಮ್ಮು ಉಲ್ಟಾ ತಿರುಗ್ತದೆ, ಹಣ್ಣು ಒಳಗೆ ಎಳ್ಕೊಳ್ಳೋದೇ ಇಲ್ಲ."

ಆಮೇಲೆ ಅವರೇ ಹುಡುಗನಿಗೆ ಪಲ್ಪರ್ ಕೆಲಸ ಮಾಡುವ ಬಗೆಯನ್ನು ತೋರಿಸಿದರು. ಡ್ರಮ್ಮಿನ ಮೇಲೆ ಗುಬುಟು ಎಬ್ಬಿಸಿದ ತಾಮ್ರದ ತಗಡಿದೆ. ಮೇಲಿನಿಂದ ಹಣ್ಣು, ಜೊತೆಗೆ ನೀರು. ಗುಬುಟುಗಳು ಹಣ್ಣನ್ನು ಎಳೆದುಕೊಂಡು ಎದುರಿನ ಬಾಯಿಗೆ ಒತ್ತುತ್ತವೆ. ಸಿಪ್ಪೆ ಡ್ರಮ್ಮಿನೊಡನೆ ಆಚೆ ಹೋಗುತ್ತದೆ, ಬೀಜ ಈಚೆ ಜಾರಿ ಬೀಳುತ್ತದೆ. ನಡುವಿನ ಸಂದು ಬಿಗಿಯಾದರೆ ಬೀಜ ಗಾಯವಾಗುತ್ತದೆ, ಸಡಿಲವಾದರೆ ಹಣ್ಣು ಹಾಗೆಯೇ ದಾಟಿ ಹೋಗುತ್ತದೆ. ಅರೇಬಿಕಾ ಮುಗಿಸಿ ರೋಬಸ್ಟಾ ಹಾಕುವಾಗ ಸಂದು ತಿದ್ದಬೇಕು. ಇದೆಲ್ಲ ನಮಗೆ ಗೊತ್ತಿರುವುದೇ. ಆದರೆ ಸಂದು ಸರಿಯಿದೆಯೋ ಇಲ್ಲವೋ ಎಂಬುದನ್ನು ಅವರು ಕಿವಿಯಿಂದ ತಿಳಿಯುತ್ತಿದ್ದರು ಎಂಬುದು ನನಗೆ ಅಂದೇ ಗೊತ್ತಾದದ್ದು. ಇಷ್ಟು ವರ್ಷ ನಾನು ಕೇಳಿರಲಿಲ್ಲ.

ಎಂಜಿನ್ನಿನ ಚಕ್ರ ಬಿಡಿಸುವಾಗ ಇನ್ನೊಂದು ತೊಡಕು ಬಂತು. ನಿಮಿಷಕ್ಕೆ 650 ಸುತ್ತು ಎಂದರೆ ಸೆಕೆಂಡಿಗೆ ಸುಮಾರು 11 ಸುತ್ತು. ಇರುವ 24 ಚಿತ್ರಗಳಲ್ಲಿ ಒಂದು ಸುತ್ತಿಗೆ ಸಿಗುವುದು ಎರಡು ಚಿತ್ರಕ್ಕಿಂತ ಸ್ವಲ್ಪ ಹೆಚ್ಚು. ಹಾಗೆಯೇ ಬಿಡಿಸಿದರೆ ಚಕ್ರದ ಕಡ್ಡಿಗಳು ಅಡ್ಡಾದಿಡ್ಡಿ ನೆಗೆದಂತೆ, ಕೆಲವೊಮ್ಮೆ ಹಿಂದಕ್ಕೆ ತಿರುಗಿದಂತೆ ಕಾಣುತ್ತವೆ. ಸಿನಿಮಾದಲ್ಲಿ ಕುದುರೆಗಾಡಿಯ ಗಾಲಿ ಹಿಂದಕ್ಕೆ ತಿರುಗುವುದನ್ನು ನೀವೂ ನೋಡಿರಬಹುದು, ಕಾರಣ ಇದೇ. ಆದುದರಿಂದ ಅವನು ಕಡ್ಡಿಗಳನ್ನು ಬಿಟ್ಟು ಮಸುಕು ಬಳಿದ. ಪಲ್ಪರಿಗೆ ಆ ತೊಂದರೆಯಿಲ್ಲ. ಎಂಜಿನ್ನಿನ ಪುಲ್ಲಿ 6 ಇಂಚು, ಪಲ್ಪರಿನದು 30 ಇಂಚು ಎಂದರೆ 650 ಸುತ್ತು 130ಕ್ಕೆ ಇಳಿಯುತ್ತದೆ. ಆಗ ಒಂದು ಸುತ್ತಿಗೆ ಸುಮಾರು 11 ಚಿತ್ರ ಸಿಗುತ್ತದೆ, ಕಣ್ಣಿಗೆ ತಿರುಗುವಿಕೆ ಚೆನ್ನಾಗಿ ಕಾಣುತ್ತದೆ.

ನಾವು ಮಾಡಬಹುದಾದದ್ದು

ಕರ್ನಾಟಕ ಸರಕಾರ 2012ರಲ್ಲೇ ಅನಿಮೇಷನ್ ಉದ್ಯಮಕ್ಕೆಂದು ಒಂದು ನೀತಿಯನ್ನು ರೂಪಿಸಿತು. ಈ ವಿದ್ಯೆ ಕಲಿಯುವ ಮಕ್ಕಳು ನಮ್ಮ ಹಳ್ಳಿಗಳಿಂದಲೂ ಹೋಗುತ್ತಿದ್ದಾರೆ. ನಾಳೆ ನಿಮ್ಮ ಮನೆಯ ಮಗುವೇ ಬಂದು ಕೇಳಬಹುದು. ಎಲ್ಲ ಹಳೆಯ ಯಂತ್ರವನ್ನೂ ಇಟ್ಟುಕೊಳ್ಳಲು ಯಾರಿಗೂ ಜಾಗವಿಲ್ಲ. ಹಣದ ಅಡಚಣೆಯೂ ಇರುತ್ತದೆ. ಮಾರಬೇಡಿ ಎಂದು ನಾನು ಹೇಳುವುದಿಲ್ಲ. ಮಾರುವ ಮುನ್ನ ಒಂದು ಮಧ್ಯಾಹ್ನವನ್ನು ಇದಕ್ಕೆ ಕೊಡಿ ಎಂದಷ್ಟೇ ಕೇಳುತ್ತೇನೆ:

1. ಯಂತ್ರದ ನಾಲ್ಕೂ ಕಡೆಯಿಂದ, ಮೇಲಿನಿಂದ ಫೋಟೋ ತೆಗೆಯಿರಿ. ಪಕ್ಕದಲ್ಲಿ ಒಂದು ಅಳತೆಯ ಪಟ್ಟಿ ಅಥವಾ ಗೊತ್ತಿರುವ ವಸ್ತುವನ್ನಿಡಿ.

2. ಕಂಪನಿಯ ಹೆಸರು, ನಂಬರು ಇರುವ ತಗಡನ್ನು ಒರೆಸಿ, ಅದನ್ನು ಓದಿ ಬರೆದಿಡಿ.

3. ಚಲಿಸುವ ಸ್ಥಿತಿಯಲ್ಲಿದ್ದರೆ ನಿಧಾನವಾಗಿ ತಿರುಗಿಸಿ, ಮೊಬೈಲಿನಲ್ಲಿ ಚಿತ್ರೀಕರಿಸಿ. ಸದ್ದೂ ದಾಖಲಾಗಲಿ.

4. ಯಾವ ಚಕ್ರ ಯಾವ ದಿಕ್ಕಿಗೆ ತಿರುಗುತ್ತಿತ್ತು, ಬೆಲ್ಟು ಹೇಗಿತ್ತು, ಯಾವುದರಿಂದ ಯಾವುದಕ್ಕೆ ಹೋಗುತ್ತಿತ್ತು ಎಂದು ಒಂದು ಒರಟು ನಕ್ಷೆ ಬಿಡಿಸಿ.

5. ಅದನ್ನು ನಡೆಸುತ್ತಿದ್ದವರನ್ನು ಕರೆಸಿ, ಅವರ ಬಾಯಲ್ಲೇ ಕೇಳಿ. ಯಂತ್ರದ ಒಡೆಯನಿಗಿಂತ ಅದರ ಬಳಿ ನಿಂತವನಿಗೆ ಹೆಚ್ಚು ಗೊತ್ತಿರುತ್ತದೆ.

6. ಇಟ್ಟುಕೊಳ್ಳುವುದಾದರೆ ಮಳೆ ತಾಗದ ಕಡೆ, ನೆಲದಿಂದ ಎತ್ತರಿಸಿ ಇಡಿ. ಮಣ್ಣು ಒರೆಸಿ, ಕಬ್ಬಿಣದ ಭಾಗಗಳಿಗೆ ಎಣ್ಣೆ ಅಥವಾ ಗ್ರೀಸು ಹಚ್ಚಿ, ವರ್ಷಕ್ಕೆರಡು ಸಲ ಕೈಯಿಂದ ತಿರುಗಿಸಿ.

7. ಮಕ್ಕಳು ನೋಡಲು ಬಂದಾಗ ಎಂಜಿನ್ನು ಅಥವಾ ಮೋಟಾರಿನಿಂದ ಓಡಿಸಬೇಡಿ, ಬೆಲ್ಟು ಕಳಚಿ ಕೈಯಿಂದಲೇ ತಿರುಗಿಸಿ ತೋರಿಸಿ. ಸಡಿಲ ಬಟ್ಟೆ, ಬಿಚ್ಚಿದ ಕೂದಲು ಬೆಲ್ಟಿನ ಹತ್ತಿರ ಬರಕೂಡದು. ಚಿತ್ರಕ್ಕಾಗಿ ಬೆರಳು ಕಳೆದುಕೊಳ್ಳುವುದು ಬೇಡ.

ಇದರಿಂದ ಬೆಳೆಗಾರನಿಗೂ ಪ್ರಯೋಜನವಿದೆ. ಇಂಥ ಟಿಪ್ಪಣಿ ಇದ್ದರೆ, ಈಗ ಬಳಕೆಯಲ್ಲಿರುವ ಯಂತ್ರ ಕೆಟ್ಟಾಗ ಮೆಕ್ಯಾನಿಕ್ಕಿಗೆ ತೋರಿಸಬಹುದು. ಬಿಡಿಭಾಗ ತರಿಸಲು ನಂಬರು ಸಿಗುತ್ತದೆ. ಮುಂದೆ ತೋಟ ನೋಡಿಕೊಳ್ಳುವ ಮಗನೋ ಮಗಳೋ ಮೊದಲಿನಿಂದ ಕಲಿಯಬೇಕಾಗಿಲ್ಲ. ಸದಸ್ಯರು ತಮ್ಮ ಮನೆಯ ಯಾವುದಾದರೂ ಒಂದು ಹಳೆಯ ಯಂತ್ರದ ಬಗ್ಗೆ ಒಂದು ಪುಟ ಬರೆದು ಸಂಘದ ಕಚೇರಿಗೆ ಕೊಟ್ಟರೆ ಈ ಪತ್ರಿಕೆಯಲ್ಲಿ ಒಂದೊಂದಾಗಿ ಪ್ರಕಟಿಸಲು ಸಂಪಾದಕರು ಒಪ್ಪಿದ್ದಾರೆ.

ಹುಡುಗನ ಚಿತ್ರ ಈ ಬೇಸಗೆಯಲ್ಲಿ ಮುಗಿಯಿತು. ತೇರ್ಗಡೆಯಾದ. ತೇರದಾಳದ ಅಜ್ಜನ ಕುಣಿಮಗ್ಗವನ್ನು ಅಷ್ಟರಲ್ಲಿ ಬಿಚ್ಚಿಯಾಗಿತ್ತು. ಮರ ಯಾವುದೋ ಬಾಗಿಲಿಗೆ ಹೋಯಿತಂತೆ. ಒಂದು ಹಣಿಗೆ, ಎರಡು ಲಾಳಿ ಮಾತ್ರ ಗೋಡೆಯ ಗೂಟದಲ್ಲಿವೆ. ಹುಡುಗ ಚಿತ್ರವನ್ನು ಒಯ್ದು ಅವರಿಗೆ ತೋರಿಸಿದ. ಅಜ್ಜ ಕನ್ನಡಕ ಹಾಕಿಕೊಂಡು ಮಗ್ಗದ ಭಾಗ ಬಂದಾಗ ಮುಂದಕ್ಕೆ ಬಾಗಿ ನೋಡಿದರು. ಇನ್ನೊಮ್ಮೆ ಹಾಕು ಎಂದರು. ಎರಡನೆಯ ಸಲ ನೋಡಿ ಹೇಳಿದ್ದು ಇಷ್ಟೇ:

"ಹೂಂ. ಈಗ ಕಾಯತೈತಿ."

ನಮ್ಮ ಪಲ್ಪರನ್ನು ನಾನು ಗುಜರಿಗೆ ಕೊಡಲಿಲ್ಲ. ಎಣ್ಣೆ ಹಚ್ಚಿ ಕಣದ ಮಾಡಿನ ಕೆಳಗೆ ಇಟ್ಟಿದ್ದೇನೆ. ನೋಡಬೇಕೆನ್ನುವವರು ಬರಬಹುದು, ಕೈಯಿಂದ ತಿರುಗಿಸಿ ತೋರಿಸುತ್ತೇನೆ.